ಸಿಮ್ ಬೇರೆ, ಫೋನು ಬೇರೆ

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಅಂಗಡಿಯವನೊಬ್ಬ "ಈ ಸಿಮ್ ತಗೊಂಡ್ರೆ ಎರಡು ವರ್ಷ ಬಿಡೋ ಹಾಗಿಲ್ಲ ಸಾರ್" ಅಂದರೆ ನಾವು ಮರುಮಾತಿಲ್ಲದೆ ಎದ್ದು ಬರುತ್ತೇವೆ. ಅದೇ ನಮ್ಮವರು ಬ್ರಿಟನ್ನಿಗೆ ಬಂದಿಳಿದ ಮೊದಲ ವಾರವೇ ಪೇಟೆಬೀದಿಯ ಅಂಗಡಿಗೆ ಹೋಗಿ 24 ತಿಂಗಳ ಕರಾರಿಗೆ ಸಹಿ ಹಾಕುತ್ತಾರೆ. ರೀಚಾರ್ಜ್ ಮಾಡಿಸೋದು, ಹಿಡಿಸದಿದ್ದರೆ ಅದೇ ನಂಬರಿನೊಂದಿಗೆ ಬೇರೆ ಕಂಪನಿಗೆ ಪೋರ್ಟ್ ಆಗೋದು ಅನ್ನುವ ಒಳ್ಳೆಯ ಚಟವನ್ನು ಊರಲ್ಲೇ ಬಿಟ್ಟು ಬಂದ ಹಾಗೆ. ಇಲ್ಲಿಯೂ ಹಾಗೆಯೇ ಇರಬಹುದು. 30 ದಿನದ ಸಿಮ್-ಓನ್ಲಿ, ಅಂದರೆ ಫೋನಿಲ್ಲದ ಬರೀ ಸಿಮ್ಮಿನ ಪ್ಲಾನ್ ಅಂತ ಕೇಳಿದರೆ ಸಾಕು. ಅಂಗಡಿಯವರು ತಾವಾಗಿಯೇ ಅದನ್ನು ತೋರಿಸುವುದು ಕಡಿಮೆ.

ಕರಾರು ದುಬಾರಿ ಅಂತ ಯಾಕೆ ಗೊತ್ತಾಗುವುದಿಲ್ಲ? ಫೋನಿನ ಬೆಲೆ, ಸಿಮ್ಮಿನ ಬಾಡಿಗೆ ಎರಡನ್ನೂ ಒಂದೇ ತಿಂಗಳ ಮೊತ್ತದಲ್ಲಿ ಕಲಸಿಟ್ಟಿರುತ್ತಾರೆ. ಬಿಡಿಸಿ ನೋಡಬೇಕು. ಉದಾಹರಣೆಗೆ, 600 ಪೌಂಡಿನ ಫೋನು. ಅಂಗಡಿ ಹೇಳುವ ಕಂತು ತಿಂಗಳಿಗೆ 42 ಪೌಂಡ್. 24ರಿಂದ ಗುಣಿಸಿದರೆ 1008. ಅದೇ ಫೋನನ್ನು ರೊಕ್ಕ ಕೊಟ್ಟು ಕೊಂಡು, ತಿಂಗಳಿಗೆ 10 ಪೌಂಡಿನ ಸಿಮ್ ಹಾಕಿಕೊಂಡರೆ 840. ನಡುವಿನ 168 ಪೌಂಡ್ ಬಡ್ಡಿ ಅಂತ ಯಾರೂ ಕರೆಯುವುದಿಲ್ಲ, ಅಷ್ಟೇ. ಒಮ್ಮೆಲೇ 600 ಹೊಂದಿಸಲು ಆಗದಿದ್ದರೆ ಫೋನನ್ನು ಮಾತ್ರ ಬಡ್ಡಿಯಿಲ್ಲದ ಕಂತಿನಲ್ಲಿ ಕೊಳ್ಳುವ ದಾರಿ ಹುಡುಕಿ. ಸಿಮ್ಮನ್ನು ಅದಕ್ಕೆ ಗಂಟುಹಾಕಬೇಡಿ. ಇಲ್ಲಿನ ಕಂಪನಿಗಳು ಲಾಕ್ ಮಾಡಿದ ಫೋನು ಮಾರುವಂತಿಲ್ಲ ಅನ್ನುವ ನಿಯಮ 2021ರ ಡಿಸೆಂಬರಿನಿಂದಲೇ ಇದೆ. ಆದ್ದರಿಂದ ಯಾವ ಸಿಮ್ ಬೇಕಾದರೂ ಹಾಕಬಹುದು.

ಇನ್ನೊಂದು ಏಟು ಏಪ್ರಿಲ್‌ನಲ್ಲಿ ಬೀಳುತ್ತದೆ. ಉದ್ದದ ಕರಾರುಗಳಲ್ಲಿ ವರ್ಷಕ್ಕೊಮ್ಮೆ, ಹೆಚ್ಚಾಗಿ ಏಪ್ರಿಲ್ ಹೊತ್ತಿಗೆ, ದರ ಏರಿಸುವ ಷರತ್ತು ಇರುತ್ತದೆ. ಮೊದಲು ಅದು ಹಣದುಬ್ಬರದ ಜೊತೆ ಏರುತ್ತಿತ್ತು, ಎಷ್ಟು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. 2025ರ ಜನವರಿ 17ರಿಂದ ಆಗುವ ಹೊಸ ಕರಾರುಗಳಲ್ಲಿ ಏರಿಕೆಯನ್ನು ಪೌಂಡು-ಪೆನ್ಸುಗಳಲ್ಲೇ ಮುಂಚಿತವಾಗಿ ಹೇಳಬೇಕು ಅಂತ ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಕಟ್ಟುಮಾಡಿತು. ಏರಿಕೆ ನಿಂತಿಲ್ಲ, ಬರೀ ಕಣ್ಣಿಗೆ ಕಾಣುವಂತಾಯಿತು. ಲೆಕ್ಕ ಹಾಕಿ: ಜನವರಿಯಲ್ಲಿ 20 ಪೌಂಡಿಗೆ 24 ತಿಂಗಳ ಪ್ಲಾನ್ ಹಿಡಿದಿರಿ, ಪ್ರತಿ ಏಪ್ರಿಲ್‌ಗೆ 2 ಪೌಂಡ್ ಏರಿಕೆ. ಮೂರು ತಿಂಗಳು 20, ಆಮೇಲೆ ಹನ್ನೆರಡು ತಿಂಗಳು 22, ಉಳಿದ ಒಂಬತ್ತು ತಿಂಗಳು 24. ಒಟ್ಟು 540. ಬೋರ್ಡಿನ ಮೇಲಿನ ದರದ ಪ್ರಕಾರ 480 ಆಗಬೇಕಿತ್ತು. 30 ದಿನದ ಪ್ಲಾನಿನ ದರವೂ ಏರಬಹುದು, ಆದರೆ ಏರಿದ ದಿನವೇ ಎದ್ದು ಹೋಗಬಹುದು.

ಹೊಸದಾಗಿ ಬಂದವರಿಗೆ 30 ದಿನದ ಪ್ಲಾನಿನಲ್ಲಿ ಇನ್ನೊಂದು ಅನುಕೂಲವೂ ಇದೆ. ಉದ್ದದ ಕರಾರಿಗೆ ಕ್ರೆಡಿಟ್ ಚೆಕ್ ಮಾಡುತ್ತಾರೆ. ಇಲ್ಲಿ ಸಾಲದ ಚರಿತ್ರೆಯೇ ಇಲ್ಲದವರನ್ನು ಕಂಪ್ಯೂಟರ್ ತಳ್ಳಿಹಾಕುವುದು ಮಾಮೂಲು. ಮುಂಗಡ ಕಟ್ಟುವ ತಿಂಗಳ ಪ್ಲಾನುಗಳಲ್ಲಿ ಹೆಚ್ಚಿನವಕ್ಕೆ ಆ ರಗಳೆಯಿಲ್ಲ.

ಇನ್ನು ಯಾವ ಕಂಪನಿ? ಅಂಗಡಿಯಲ್ಲಿ ಕಾಣುವ ಹೆಸರುಗಳು ಹತ್ತಾರು, ಟವರಿನ ಜಾಲಗಳು ಮಾತ್ರ ನಾಲ್ಕೇ: ಇಇ, ಓಟು, ವೊಡಾಫೋನ್, ತ್ರೀ. ಅದರಲ್ಲೂ ಕೊನೆಯ ಎರಡು 2025ರ ಮೇ ಕೊನೆಗೆ ಒಂದೇ ಕಂಪನಿಯಾದವು. ಉಳಿದವರೆಲ್ಲ ಇವರ ಬಾಡಿಗೆದಾರರು. ಗಿಫ್‌ಗ್ಯಾಫ್, ಟೆಸ್ಕೊ ಮೊಬೈಲ್ ಓಟು ಮೇಲೆ. ಲೆಬಾರಾ, ವಾಕ್ಸಿ ವೊಡಾಫೋನ್ ಮೇಲೆ. ಸ್ಮಾರ್ಟಿ ತ್ರೀ ಮೇಲೆ. ಹಾಗಾಗಿ ಮೊದಲು ಜಾಲ ಆರಿಸಿ, ಆಮೇಲೆ ಅದೇ ಜಾಲದ ಮೇಲೆ ಅಗ್ಗದ ಬಾಡಿಗೆದಾರನನ್ನು ಆರಿಸಿ. ಮನೆ, ಆಫೀಸು, ದಿನಾ ಹೋಗುವ ರೈಲುದಾರಿ, ಈ ಮೂರರ ಪೋಸ್ಟ್‌ಕೋಡ್ ಆಫ್‌ಕಾಮಿನ ನಕ್ಷೆಯಲ್ಲಿ ಹಾಕಿ ನೋಡಬೇಕು. ನಕ್ಷೆ ಹೇಳುವುದು ಅಂದಾಜು ಮಾತ್ರ. ಇಲ್ಲಿನ ದಪ್ಪ ಗೋಡೆ, ನೆಲಮಾಳಿಗೆಯ ಕೋಣೆಗಳ ಒಳಗೆ ನಿಂತು ನೋಡದೆ ನಂಬಬೇಡಿ. ಎರಡು ಜಾಲದ ಒಂದೊಂದು ತಿಂಗಳ ಸಿಮ್ ತಂದು, ಫೋನಿನ ಎರಡು ಸ್ಲಾಟಿಗೆ ಹಾಕಿ, ಅಡುಗೆಮನೆಯಿಂದ ಮಲಗುವ ಕೋಣೆವರೆಗೂ ಒಂದು ಸುತ್ತು ಕರೆ ಮಾಡಿದರೆ ತೀರ್ಮಾನ ತಾನಾಗಿಯೇ ಆಗುತ್ತದೆ.

ಅಗ್ಗದ ಸಿಮ್ಮಿನಲ್ಲಿ ಎಡವುವುದು ದರದಲ್ಲಲ್ಲ, ವೈಫೈ ಕಾಲಿಂಗಿನಲ್ಲಿ. ಟವರು ಸಿಗದ ಮನೆಯಲ್ಲಿ ವೈಫೈ ಮೇಲೆ ಮಾತಾಡುವ ಸೌಲಭ್ಯ ಕೆಲವು ಬಾಡಿಗೆದಾರರಲ್ಲಿ ಇರುವುದಿಲ್ಲ, ಇದ್ದರೂ ಊರಿನಿಂದ ತಂದ ಕೆಲವು ಮಾಡೆಲ್ಲುಗಳಲ್ಲಿ ನಡೆಯುವುದಿಲ್ಲ. 4ಜಿ ಮೇಲೆ ಕರೆ ಮಾಡುವ ವೋಲ್ಟೆ ಸೌಲಭ್ಯದ್ದೂ ಇದೇ ಕಥೆ. ಇಲ್ಲಿನ ಕಂಪನಿಗಳು 3ಜಿ ಮುಚ್ಚಿಬಿಟ್ಟಿರುವುದರಿಂದ, 4ಜಿ ಮೇಲೆ ಕರೆ ಮಾಡಲು ಬಾರದ ಫೋನು, 2ಜಿ ಇರುವ ಜಾಲವಾದರೆ, ಕರೆ ಬಂದೊಡನೆ 2ಜಿಗೆ ಜಾರುತ್ತದೆ. ಇಂಟರ್ನೆಟ್ ಚೆನ್ನಾಗಿದೆ, ಕರೆ ಮಾತ್ರ ತುಂಡಾಗುತ್ತದೆ ಅಂದರೆ ಜಾಲವನ್ನು ಬೈಯುವ ಮೊದಲು ಇದನ್ನು ನೋಡಿ. ಕಂಪನಿಯ ಬೆಂಬಲಿತ ಫೋನುಗಳ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ನಂಬರನ್ನೇ ಹುಡುಕಬೇಕು. ಒಂದೇ ಹೆಸರಿನ ಫೋನು ದೇಶಕ್ಕೊಂದು ಮಾಡೆಲ್ ನಂಬರಿನಲ್ಲಿ ಬರುತ್ತದೆ.

ಪೋರ್ಟ್ ಆಗುವ ವಿಷಯದಲ್ಲಿ ಬ್ರಿಟನ್ನಿಗೇ ನನ್ನ ಮತ. ಹಳೆಯ ಸಿಮ್ಮಿನಿಂದ ಇಂಗ್ಲಿಷಿನ ಪಿ, ಎ, ಸಿ ಮೂರಕ್ಷರ ಬರೆದು 65075ಕ್ಕೆ ಮೆಸೇಜ್ ಕಳಿಸಿದರೆ ಒಂದು ನಿಮಿಷದೊಳಗೆ ಒಂಬತ್ತಕ್ಷರದ ಕೋಡ್ ಬರಬೇಕು. ಕರಾರು ಬಾಕಿಯಿದ್ದರೆ ಬಿಡಲು ಎಷ್ಟು ಕಟ್ಟಬೇಕು ಅನ್ನುವುದೂ ಅದರ ಜೊತೆಗೇ ಇರುತ್ತದೆ. ಕೋಡಿಗೆ 30 ದಿನ ಆಯಸ್ಸು. ಹೊಸ ಸಿಮ್ಮನ್ನು ಮೊದಲು ಚಾಲೂ ಮಾಡಿಕೊಂಡು ಕೋಡ್ ಕೊಟ್ಟರೆ, ಸಾಮಾನ್ಯವಾಗಿ ಮರುದಿನ ಹಳೆಯ ನಂಬರು ಬಂದು ಕೂರುತ್ತದೆ. ಮರುದಿನ ಅಂದರೆ ಕೆಲಸದ ದಿನ. ಶುಕ್ರವಾರ ಸಂಜೆ ಕೊಟ್ಟು ಶನಿವಾರ ಕಾಯಬೇಡಿ. 2019ರ ಜುಲೈಯಿಂದ, ನಂಬರು ಹೋದ ಮೇಲಿನ ದಿನಗಳಿಗೆ ನೋಟಿಸ್ ಅವಧಿ ಅಂತ ಹಣ ಕೀಳುವಂತಿಲ್ಲ. ಜನ ಮಾಡುವ ತಪ್ಪು ಒಂದೇ: ಕೋಡ್ ಪಡೆಯುವ ಮೊದಲೇ ಹಳೆಯ ಪ್ಲಾನನ್ನು ರದ್ದು ಮಾಡಿಬಿಡುವುದು. ಹಾಗೆ ಮಾಡಿದರೆ ನಂಬರಿಗೇ ಎಳ್ಳುನೀರು. ಹಳೆಯ ಸಿಮ್ಮಿನಲ್ಲಿ ಉಳಿದ ಬ್ಯಾಲೆನ್ಸೂ ಹೊಸದಕ್ಕೆ ಬರುವುದಿಲ್ಲ, ಖಾಲಿ ಮಾಡಿಕೊಂಡೇ ಹೊರಡಿ.

ನಮ್ಮಲ್ಲಿ 1900ಕ್ಕೆ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಂಬರು ಹಾಕಿ ಕಳಿಸಿದರೆ ಎಂಟಕ್ಷರದ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯಸ್ಸು ನಾಲ್ಕೇ ದಿನ. ಆ ಕಂಪನಿಗೆ ಬಂದು 90 ದಿನ ಆಗಿರಬೇಕು. ಸಿಮ್ ಕಳೆದು ಬದಲಿ ಪಡೆದಿದ್ದರೆ, 2024ರ ಜುಲೈ 1ರಿಂದ, ಏಳು ದಿನ ಕಾಯಬೇಕು. ಈ ಏಳು ದಿನದ ತಡೆ ಕಳ್ಳರಿಗಾಗಿ ಹಾಕಿದ್ದು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು 28 ದಿನದ "ತಿಂಗಳಿ"ಗೆ. ವರ್ಷಕ್ಕೆ ಹದಿಮೂರು ರೀಚಾರ್ಜ್. 84 ದಿನದ ಪ್ಯಾಕನ್ನು ಮೂರು ತಿಂಗಳು ಅಂದುಕೊಂಡು ನಾಲ್ಕು ಸಲ ಹಾಕಿಸಿದರೆ 336 ದಿನ. ಇನ್ನೂ 29 ದಿನ ಬಾಕಿ. 30 ದಿನದ ಪ್ಯಾಕೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕೂ ಒಂದೊಂದಾದರೂ ಇರಲೇಬೇಕು ಅಂತ ಭಾರತದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಮಾಡಿತು. ಇವೆ, ಆದರೆ ಕೇಳಿದವರಿಗೆ ಮಾತ್ರ. ಬ್ರಿಟನ್ನಿನಲ್ಲೂ ಕೆಲವು ಕಂಪನಿಗಳ ತಿಂಗಳು 30 ದಿನ, ಕೆಲವುದರದು ಕ್ಯಾಲೆಂಡರಿನ ತಿಂಗಳು, ಸಣ್ಣಕ್ಷರ ಓದಿ.

ಹೊರನಾಡಿನಲ್ಲಿ ಇರುವವರು ಊರಿನ ಸಿಮ್ಮನ್ನೂ ಸಾಕಬೇಕು, ಬ್ಯಾಂಕಿನ ಓಟಿಪಿ ಅದಕ್ಕೇ ಬರುತ್ತದಲ್ಲ. ಇದಕ್ಕೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ಪ್ಯಾಕ್ ದಂಡ. ಡೇಟಾ ಬೇಡದವರಿಗಾಗಿ ಬರೀ ಕರೆ-ಎಸ್ಸೆಮ್ಮೆಸ್ಸಿನ ಪ್ಯಾಕ್ ಇಡಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದ ಮೇಲೆ ಅಂಥವು ಬಂದಿವೆ. ಊರಿನ ಅಜ್ಜಿಗೂ ಅದೇ ಸಾಕು. ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗೆ ಬ್ರಿಟನ್ನಿನ ನಂಬರಿನಿಂದಲೇ ಯುಪಿಐ ನಡೆಸಲು 2023ರಿಂದ ಅನುಮತಿಯಿದೆ, ನಿಮ್ಮ ಬ್ಯಾಂಕು ಕೊಟ್ಟಿದೆಯೇ ಕೇಳಿ. ವಿಮಾನ ಹತ್ತುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿರಬೇಕು. ಇಲ್ಲದಿದ್ದರೆ ಇಲ್ಲಿ ಆ ಸಿಮ್ ಟವರನ್ನೇ ಹಿಡಿಯುವುದಿಲ್ಲ, ಓಟಿಪಿಯೂ ಇಲ್ಲ. ಬಂದ ಕರೆ ಎತ್ತಿದರೆ ನಿಮಿಷಕ್ಕಿಷ್ಟು ಅಂತ ಹೋಗುತ್ತದೆ, ಎತ್ತಬೇಡಿ. ಡೇಟಾ ರೋಮಿಂಗ್ ಸ್ವಿಚ್ಚು ಸಿಮ್ಮಿಗೊಂದು ಇರುತ್ತದೆ: ಆಫ್ ಮಾಡಬೇಕಾದ್ದು ಭಾರತದ ಸಿಮ್ಮಿನದು. ಅದರ ಪಕ್ಕದಲ್ಲೇ, ಒಂದರ ಸಿಗ್ನಲ್ ಹೋದಾಗ ಇನ್ನೊಂದರ ಡೇಟಾ ಬಳಸು ಅನ್ನುವ ಆಯ್ಕೆ ಅಡಗಿರುತ್ತದೆ, ಅದನ್ನೂ ಆಫ್ ಮಾಡಿ.