ಸತ್ಯಾಂಶ: ಐದೂ ಸ್ವರಗಳಿರುವುದು ‘ಎಜುಕೇಷನ್’ನಲ್ಲಿ ಮಾತ್ರವೇ?

‘ಎ, ಇ, ಐ, ಓ, ಯು ಐದೂ ಸ್ವರಗಳಿರುವ ಏಕೈಕ ಇಂಗ್ಲಿಷ್ ಪದ ಎಜುಕೇಷನ್’ ಎಂಬ ಸಂದೇಶ ದಾವಣಗೆರೆಯ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಿಗೂ ಬರುತ್ತಿರುತ್ತದೆ. ಇದು ತಪ್ಪು. ದಯವಿಟ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ.

ಸ್ಪೆಲ್ಲಿಂಗ್ ಬರೆದು ನೋಡಿ: ಗಣಿತದ ‘ಈಕ್ವೇಷನ್’, ಸಂತೆಯ ‘ಕಾಲಿಫ್ಲವರ್’, ಎರಡರಲ್ಲೂ ಐದು ಸ್ವರಗಳಿವೆ. ಇವಕ್ಕಿಂತ ಸೊಗಸಾದವು ‘ಫಸೀಷಸ್’ ಮತ್ತು ‘ಅಬ್‌ಸ್ಟೀಮಿಯಸ್’. ಮೊದಲನೆಯದು, ಗಂಭೀರ ವಿಷಯದಲ್ಲೂ ತಮಾಷೆಗಿಳಿಯುವ ಸ್ವಭಾವ. ಎರಡನೆಯದು, ಊಟ-ಕುಡಿತದಲ್ಲಿ ಮಿತಿ ಕಾಯುವ ಗುಣ. ಎರಡರಲ್ಲೂ ಸ್ವರಗಳು ‘ಎ’ಯಿಂದ ‘ಯು’ವರೆಗೆ ಅದೇ ಸಾಲಿನಲ್ಲಿ, ಒಂದೊಂದೇ ಸಲ ಬರುತ್ತವೆ. ಉಪಖಂಡಕ್ಕೆ ಸಂಬಂಧಿಸಿದ್ದು ಎಂಬರ್ಥದ, 14 ಅಕ್ಷರಗಳ ‘ಸಬ್‌ಕಾಂಟಿನೆಂಟಲ್’ನಲ್ಲಂತೂ ಅವು ‘ಯು’ವಿನಿಂದ ‘ಎ’ವರೆಗೆ ತಲೆಕೆಳಗಾಗಿ ಬರುತ್ತವೆ!