ಹೆಸರು ಕೇಳಿದರೆ ಸಾಲದು, ಅಕ್ಷರ ನೋಡಬೇಕು

ಚೀನೀ ಹೆಸರುಗಳ ಅರ್ಥದ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ 'ವೇ ಅಂದರೆ ದೊಡ್ಡದು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ. ಗಂಡಸಿನ ಹೆಸರಲ್ಲಿ ಜಾಸ್ತಿ ಬರುವ 'ವೇ'ಗೆ ದೊಡ್ಡದು, ಹಿರಿದು ಎಂಬ ಅರ್ಥ ಇದೆ, ನಿಜ. ಹುಡುಗಿಯರ ಹೆಸರಲ್ಲಿ ಬರುವ 'ವೇ' ಬೇರೆ ಅಕ್ಷರ, ಅದು ಒಂದು ಗಿಡದ ಹೆಸರು. ಆ ಅಕ್ಷರದ ತಲೆಯ ಮೇಲೆ ಹುಲ್ಲಿನ ಗುರುತು ಇರುತ್ತದೆ. ಸ್ವರದ ಏರಿಳಿತವೂ ಬೇರೆ. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ, ಅಷ್ಟೆ.

ನನಗೆ ಇಷ್ಟವಾದದ್ದು ಬಾಸ್ಕೆಟ್‌ಬಾಲ್ ಆಟಗಾರ ಯಾವೋ ಮಿಂಗ್ ಹೆಸರು. ಯಾವೋ ಮನೆತನದ ಹೆಸರು, ಮಿಂಗ್ ಅವರ ಸ್ವಂತ ಹೆಸರು. ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ ಬರೆದರೆ ಮಿಂಗ್. ಅರ್ಥ ಬೆಳಕು! ಜಾತಕದಲ್ಲಿ ನೀರಿನ ಅಂಶ ಕಡಿಮೆ ಇದ್ದರೆ ನೀರಿನ ಗುರುತಿರುವ ಅಕ್ಷರ ಹುಡುಕಿ ಇಡುವವರೂ ಇದ್ದಾರೆ. 'ಮ್ಯಾವೊ' ಅಕ್ಷರದಲ್ಲಂತೂ ನೀರು ಮೂರು ಸಲ ಇದೆ.

ಚೀನಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ 1949ರ ನಂತರ ಹುಟ್ಟಿದ ಎಷ್ಟೋ ಗಂಡುಮಕ್ಕಳಿಗೆ 'ಜಿಯಾನ್‌ಗುವೊ', ಅಂದರೆ 'ದೇಶ ಕಟ್ಟು' ಎಂದೇ ಹೆಸರು. ಹೆಣ್ಣುಮಗುವಿಗೆ 'ಝಾವೊದಿ', ಅಂದರೆ 'ತಮ್ಮನನ್ನು ಕರೆ' ಎಂದು ಇಟ್ಟದ್ದೂ ಉಂಟು. ಪಾಪ, ಹೆಸರು ಅವಳದು, ಆಸೆ ಮಾತ್ರ ಗಂಡುಮಗುವಿನದು. ನಮ್ಮ ಕಡೆಯ ಸಾಕಮ್ಮಂದಿರು ನೆನಪಾದರು, ಅಲ್ವಾ?