ದಹನ ಮಾಡಿದರೆ ಪುನರುತ್ಥಾನ ಇಲ್ಲವೇ?

ದಹನವಾದ ಕ್ರೈಸ್ತರಿಗೆ ಪುನರುತ್ಥಾನವಿಲ್ಲ, ಅಂದರೆ ಸತ್ತ ಮೇಲೆ ದೇಹ ಮತ್ತೆ ಜೀವಂತವಾಗಿ ಏಳುವುದಿಲ್ಲ ಎಂಬ ಮೆಸೇಜು ಮುಂಬೈನ ನಮ್ಮ ಕನ್ನಡ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರದು ಕಾಳಜಿಯೇ. ಆದರೆ ಹಾಸಿಗೆ ಹಿಡಿದ ಹಿರಿಯರಿಗೆ ಸುಮ್ನೆ ಹೆದರಿಕೆ.

ಇದು ಸರಿಯಲ್ಲ. ಕಥೋಲಿಕ ಸಭೆ (ಚರ್ಚ್) 1963ರಲ್ಲೇ ದಹನಕ್ಕೆ ಅನುಮತಿ ಕೊಟ್ಟಿದೆ. ಹೂಳುವುದೇ ಮೇಲು ಎನ್ನುತ್ತದೆ, ನಿಜ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ದಹನ ಬಯಸಿದರೆ ಮಾತ್ರ ಬೇಡ ಎನ್ನುತ್ತದೆ. ಬೂದಿ ಚೆಲ್ಲಬಾರದು, ಪವಿತ್ರ ಜಾಗದಲ್ಲಿಡಬೇಕು ಎಂದು ವ್ಯಾಟಿಕನ್ನಿನ 2016ರ ಸೂಚನೆ ಹೇಳುತ್ತದೆ.

ಹೂತ ದೇಹವೂ ಮಣ್ಣಾಗುತ್ತದೆ, ಅಲ್ವಾ? ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪ್ರೇಷಿತ ಪೌಲ ಬಿತ್ತಿದ ಕಾಳಿನ ಮಾತಾಡುತ್ತಾನೆ: ಕಾಳು ಸತ್ತು ಬೇರೆ ರೂಪದಲ್ಲಿ ಏಳುವ ಹಾಗೆ ದೇಹವೂ. ಸವೆದ ಮಂಡಿ, ಮಸುಕಾದ ಕಣ್ಣು ಹಾಗೇ ಎದ್ದು ಬರುತ್ತವೆ ಎಂದಲ್ಲ.

ಮೆಸೇಜಿನಲ್ಲಿ ವರ್ಷ, ನಿಯಮದ ಸಂಖ್ಯೆ ಇದೆಯೇ ನೋಡಿ. ಸಭೆಯ ಕಾನೂನಿನ 1176ನೇ ನಿಯಮ ವ್ಯಾಟಿಕನ್ ವೆಬ್‌ಸೈಟಿನಲ್ಲಿದೆ. ಓದಲು ಬೇಜಾರಾದರೆ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಫಾದರನ್ನೇ ಕೇಳಿ.